ಹೃದಯದ ಆರೈಕೆ ಅಡುಗೆಮನೆಯಿಂದಲೇ ಆರಂಭವಾಗಲಿ



ಕೆಲವು ವರ್ಷಗಳ ಹಿಂದಿನ ಮಾತು. ರಾತ್ರಿ ಎರಡು ಗಂಟೆಯ ಹೊತ್ತಿಗೆ ಗುರುಮನೆಯ ಬಾಗಿಲು ಬಡಿದ ಸದ್ದಾಯಿತು. ತೆರೆದು ನೋಡಿದರೆ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ನಡುಗುತ್ತಾ ನಿಂತಿದ್ದ. "ಫಾದರ್, ಅಪ್ಪನ ಸ್ಥಿತಿ ಸರಿಯಿಲ್ಲ, ಬೇಗ ಬನ್ನಿ" ಎಂದ. ಪವಿತ್ರ ತೈಲವನ್ನು ಎತ್ತಿಕೊಂಡು ಅವನ ಸ್ಕೂಟರಿನ ಹಿಂದೆ ಕುಳಿತೆ. ನಾವು ಮನೆ ಸೇರಿದಾಗ ಆ ತಂದೆಗೆ ಮಾತು ನಿಂತಿತ್ತು. ಅಭ್ಯಂಗ ಸಂಸ್ಕಾರವನ್ನು ನೀಡಿದೆ. ನೆರೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೊರಟೆವು. ಅರ್ಧ ದಾರಿಯಲ್ಲಿಯೇ ಎಲ್ಲವೂ ಮುಗಿಯಿತು. ಅವರಿಗೆ ಆಗ ಐವತ್ತೊಂದು ವರ್ಷ.

"ರಾತ್ರಿ ಎಂಟು ಗಂಟೆಗೇ ಎದೆ ಹಿಡ್ಕೊಂಡಂಗೆ ಆಗ್ತಿದೆ ಅಂದ್ರು ಫಾದರ್. ಮೈಯೆಲ್ಲ ಬೆವರು. ಗ್ಯಾಸ್ ಇರ್ಬೇಕು ಅಂದ್ಕೊಂಡ್ವಿ. ಸೋಡಾ ಕೊಟ್ಟೆ, ಬೆನ್ನಿಗೆ ಎಣ್ಣೆ ತಿಕ್ಕಿದೆ" ಎಂದು ಅವರ ಪತ್ನಿ ಅತ್ತರು. ಎಂಟರಿಂದ ಎರಡರವರೆಗೆ ಆರು ಗಂಟೆಗಳು! ಆ ಆರು ಗಂಟೆಗಳು ಇಂದಿಗೂ ನನ್ನನ್ನು ಕಾಡುತ್ತವೆ.

ಆ ಮನೆಯ ಊಟ ನನಗೆ ಹೊಸದಾಗಿರಲಿಲ್ಲ. ಊರಹಬ್ಬದ ದಿನ ಅಲ್ಲಿ ಕೊಬ್ಬು ತೇಲುವ ಹಂದಿಮಾಂಸದ ಸಾರನ್ನು ಎರಡೆರಡು ಸಲ ಬಡಿಸಿಕೊಂಡು ಹೊಗಳಿದ್ದೆ. ಅವರು ದೇವಾಲಯದ ಗೇಟಿನ ಹೊರಗೆ ನಿಂತು ಬೀಡಿ ಸೇದುವುದನ್ನು ಎಷ್ಟೋ ಸಲ ನೋಡಿದ್ದೆ. ಒಂದು ಮಾತನ್ನೂ ಹೇಳಿರಲಿಲ್ಲ. ಆತ್ಮದ ವಿಷಯ ನನ್ನದು, ದೇಹದ ವಿಷಯ ವೈದ್ಯರದು ಎಂದು ನಾನೇ ಗೆರೆ ಎಳೆದುಕೊಂಡಿದ್ದೆ.

ಒಂದು ತಿಂಗಳ ಬಳಿಕ ತಲೆನೋವೆಂದು ಚಿಕಿತ್ಸಾಲಯಕ್ಕೆ ಹೋದಾಗ ಅಲ್ಲಿದ್ದ ಸಿಸ್ಟರ್ ನನ್ನ ರಕ್ತದೊತ್ತಡವನ್ನು ಅಳೆದರು. 156/98! "ಫಾದರ್, ತಪಸ್ಸುಕಾಲದಲ್ಲಿ ಜನರಿಗೆ ಏನು ಹೇಳ್ತೀರೋ ಅದನ್ನ ನೀವು ವರ್ಷವಿಡೀ ಮಾಡಿ ಸಾಕು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅಂದಿನಿಂದ ಈ ವಿಷಯವನ್ನು ಓದಿದೆ, ವೈದ್ಯರನ್ನು ಕೇಳಿದೆ, ನನ್ನ ಮೇಲೆಯೇ ಪ್ರಯೋಗಿಸಿದೆ. ನಾನು ವೈದ್ಯನಲ್ಲ. ಆದರೆ ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳದಿದ್ದರೆ ಹಿಂದಿನ ಮೌನವನ್ನೇ ಮುಂದುವರಿಸಿದಂತಾಗುತ್ತದೆ.

ರಜೆಯಿಲ್ಲದ ಸೇವಕ

ನಮ್ಮ ಬಹುತೇಕ ಮನೆಗಳಲ್ಲಿ ಯೇಸುವಿನ ಪವಿತ್ರ ಹೃದಯದ ಪಟವಿದೆ. ಅದರ ಮುಂದೆ ದೀಪ ಹಚ್ಚುತ್ತೇವೆ, ಕುಟುಂಬವನ್ನು ಒಪ್ಪಿಸಿಕೊಡುತ್ತೇವೆ. ಆ ಪಟದ ಕೆಳಗೆ ಕುಳಿತಿರುವ ನಮ್ಮ ಎದೆಯೊಳಗೂ ಒಂದು ಹೃದಯವಿದೆ ಎಂಬುದನ್ನು ಮಾತ್ರ ಮರೆಯುತ್ತೇವೆ.

ನಿಮ್ಮ ಮುಷ್ಟಿಯನ್ನು ಬಿಗಿಹಿಡಿದು ನೋಡಿ. ಹೆಚ್ಚುಕಡಿಮೆ ಅಷ್ಟೇ ಗಾತ್ರ. ತೂಕ ಸುಮಾರು 300 ಗ್ರಾಂ. ನಿಮಿಷಕ್ಕೆ 70ರಂತೆ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಅದು ಬಡಿಯುತ್ತದೆ. ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತವನ್ನು ದೇಹಕ್ಕೆಲ್ಲ ಹಂಚುತ್ತದೆ. ಆದರೆ ಈ ಸೇವಕನಿಗೂ ಊಟ ಬೇಕಲ್ಲವೇ? ಹೃದಯದ ಸ್ನಾಯುವಿಗೆ ರಕ್ತ ಒದಗಿಸಲೆಂದೇ ಅದರ ಮೈಮೇಲೆ ಕೊರೊನರಿ ಅಪಧಮನಿಗಳೆಂಬ ಸಣ್ಣ ನಾಳಗಳಿವೆ. ನಮ್ಮ ಮಾತೆಲ್ಲ ಈ ಸಣ್ಣ ನಾಳಗಳ ಬಗೆಗೆ.

ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಎಂದು ಕರೆಯುವ ಎಲ್.ಡಿ.ಎಲ್. ಹೆಚ್ಚಾದಾಗ ಅದು ನಾಳದ ಒಳಗೋಡೆಗೆ ನುಸುಳಿ ಕೂರುತ್ತದೆ. ಅಧಿಕ ರಕ್ತದೊತ್ತಡ, ಹೊಗೆ, ಸಕ್ಕರೆ ಕಾಯಿಲೆ ಇವು ಆ ಗೋಡೆಯನ್ನು ಘಾಸಿಗೊಳಿಸಿ ದಾರಿ ಸುಗಮ ಮಾಡಿಕೊಡುತ್ತವೆ. ವರ್ಷಗಳು ಉರುಳಿದಂತೆ ಅಲ್ಲಿ ಜಿಡ್ಡಿನ ದಿಬ್ಬ ಬೆಳೆಯುತ್ತದೆ. ನಾಳ ಕಿರಿದಾದರೆ ಮೆಟ್ಟಿಲು ಹತ್ತುವಾಗ, ವೇಗವಾಗಿ ನಡೆಯುವಾಗ ಎದೆ ಹಿಡಿದಂತಾಗುತ್ತದೆ. ಕೆಲವರಿಗೆ ಯಾವ ಸೂಚನೆಯೂ ಇರುವುದಿಲ್ಲ. ಒಂದು ದಿನ ಆ ದಿಬ್ಬದ ಹೊದಿಕೆ ಬಿರಿಯುತ್ತದೆ. ಗಾಯವಾಯಿತೆಂದು ತಿಳಿದು ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ದಾರಿ ಮುಚ್ಚುತ್ತದೆ. ಅದರ ಮುಂದಿನ ಸ್ನಾಯು ನಿಮಿಷ ನಿಮಿಷಕ್ಕೂ ಸಾಯತೊಡಗುತ್ತದೆ. ಇದೇ ಹೃದಯಾಘಾತ.

ಇದರಿಂದ ತಿಳಿಯುವುದೇನು? ಆಘಾತ ಒಂದು ಕ್ಷಣದ್ದು, ಅದರ ತಯಾರಿ ಇಪ್ಪತ್ತು ಮೂವತ್ತು ವರ್ಷಗಳದ್ದು. ಹಾಗಾದರೆ ತಡೆಯಲು ನಮಗಿರುವ ಸಮಯವೂ ಅಷ್ಟೇ ದೊಡ್ಡದು. "ಎಲ್ಲಾ ದೇವರ ಚಿತ್ತ" ಎಂದು ಕೈಕಟ್ಟಿ ಕೂರುವವರಿಗೆ ಇದು ಉತ್ತರ. ದೇವರ ಚಿತ್ತವನ್ನು ನಮ್ಮ ಸೋಮಾರಿತನಕ್ಕೆ ಹೊದಿಕೆ ಮಾಡಬಾರದು.

2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಅಧ್ಯಯನ 52 ದೇಶಗಳಲ್ಲಿ ನಡೆಯಿತು. ಮೊದಲ ಹೃದಯಾಘಾತದ ಅಪಾಯದಲ್ಲಿ ಶೇಕಡಾ 90ರಷ್ಟನ್ನು ಒಂಬತ್ತು ಅಂಶಗಳೇ ವಿವರಿಸುತ್ತವೆ ಎಂದು ಅದು ಕಂಡುಕೊಂಡಿತು. ಧೂಮಪಾನ, ಕೊಲೆಸ್ಟರಾಲ್ ಏರುಪೇರು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿಗಳ ಕೊರತೆ, ವ್ಯಾಯಾಮದ ಕೊರತೆ ಇವು ಅವುಗಳಲ್ಲಿ ಮುಖ್ಯವಾದವು. ಅದೇ ಅಧ್ಯಯನದಿಂದ ಇನ್ನೊಂದು ಸಂಗತಿಯೂ ಹೊರಬಂತು. ದಕ್ಷಿಣ ಏಷ್ಯಾದ ನಮ್ಮಂಥವರಿಗೆ ಮೊದಲ ಆಘಾತ ಸರಾಸರಿ 53ನೇ ವಯಸ್ಸಿಗೆ ಬರುತ್ತದೆ. ಬೇರೆ ದೇಶದವರಿಗೆ ಸುಮಾರು 59ಕ್ಕೆ. ಅಂದರೆ ಮಕ್ಕಳ ಓದು, ಮದುವೆ ಮುಗಿಯುವ ಮೊದಲೇ ಮನೆಯ ಕಂಬ ಅಲುಗುತ್ತದೆ.

ಒಂದು ಪ್ರಾಂತ್ಯವೇ ಬದಲಾದ ಕಥೆ

"ಹುಟ್ಟಿದಾಗಿನಿಂದ ತಿಂದ ಊಟವನ್ನು ಈಗ ಬಿಡಲಾದೀತೇ?" ಎಂದು ನೀವು ಕೇಳಬಹುದು. ಫಿನ್ಲೆಂಡ್ ದೇಶದ ಪೂರ್ವದಲ್ಲಿ ಉತ್ತರ ಕರೇಲಿಯಾ ಎಂಬ ಪ್ರಾಂತ್ಯವಿದೆ. ಕಾಡು, ಸರೋವರ, ಹಸು ಸಾಕಣೆ, ಮರ ಕಡಿಯುವ ಕೆಲಸ. ಜನರು ಗಟ್ಟಿಮುಟ್ಟಾದ ದುಡಿಮೆಗಾರರು. ಆದರೂ 1960ರ ದಶಕದ ಕೊನೆಗೆ ಅಲ್ಲಿನ ಗಂಡಸರು ಹೃದಯರೋಗದಿಂದ ಸಾಯುವ ಪ್ರಮಾಣ ಜಗತ್ತಿನಲ್ಲಿಯೇ ಅತಿ ಹೆಚ್ಚಿನದಾಗಿತ್ತು. ರೊಟ್ಟಿಯ ಮೇಲೆ ದಪ್ಪಗೆ ಬೆಣ್ಣೆ, ಕೆನೆಭರಿತ ಹಾಲು, ಕೊಬ್ಬಿನ ಮಾಂಸ, ಬೇಕಾದಷ್ಟು ಉಪ್ಪು. ತರಕಾರಿಯನ್ನು ದನದ ಮೇವೆಂದು ನಗುವವರಿದ್ದರು. ಗಂಡಸರಲ್ಲಿ ಅರ್ಧದಷ್ಟು ಜನ ಸಿಗರೇಟು ಸೇದುತ್ತಿದ್ದರು.

1971ರಲ್ಲಿ ಆ ಪ್ರಾಂತ್ಯದ ಪ್ರತಿನಿಧಿಗಳು ಸೇರಿ ಸರ್ಕಾರಕ್ಕೆ ಮನವಿ ಸಲ್ಲಿಸಿದರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಯುವ ವೈದ್ಯರ ನೇತೃತ್ವದಲ್ಲಿ ಕೆಲಸ ಆರಂಭವಾಯಿತು. ಅವರು ದೊಡ್ಡ ಆಸ್ಪತ್ರೆಯನ್ನು ಕಟ್ಟಲು ಹೋಗಲಿಲ್ಲ. ಅಡುಗೆಮನೆಗೆ ಹೋದರು. ಮಾರ್ಥಾ ಎಂಬ ಗೃಹಿಣಿಯರ ಸಂಘದ ಸದಸ್ಯೆಯರು ಊರೂರಿನಲ್ಲಿ ಕೂಟಗಳನ್ನು ನಡೆಸಿದರು. ಅಲ್ಲಿನ ಹೆಸರಾಂತ ಮಾಂಸದ ಸಾರಿಗೆ ಕೊಬ್ಬನ್ನು ಕಡಿಮೆ ಮಾಡಿ ತರಕಾರಿ ಸೇರಿಸಿ ಬೇಯಿಸಿ ಎಲ್ಲರಿಗೂ ಬಡಿಸಿದರು. ರುಚಿ ಕೆಡಲಿಲ್ಲ ಎಂದು ಜನರು ಕಂಡುಕೊಂಡರು. ಹೈನುಗಾರರಲ್ಲಿ ಕೆಲವರು ಹಣ್ಣಿನ ಬೆಳೆಗೆ ಹೊರಳಿದರು. ಮುಂದೆ ಹಳ್ಳಿ ಹಳ್ಳಿಗಳ ನಡುವೆ ಕೊಲೆಸ್ಟರಾಲ್ ಇಳಿಸುವ ಸ್ಪರ್ಧೆಗಳೂ ನಡೆದವು!

ಫಲವೇನು? ಸುಮಾರು ನಾಲ್ಕು ದಶಕಗಳಲ್ಲಿ ಆ ಪ್ರಾಂತ್ಯದ ದುಡಿಯುವ ವಯಸ್ಸಿನ ಗಂಡಸರ ಹೃದಯರೋಗದ ಸಾವು ಶೇಕಡಾ 80ಕ್ಕಿಂತ ಹೆಚ್ಚು ಇಳಿಯಿತು. ಹೊಸ ಔಷಧ, ಹೊಸ ಚಿಕಿತ್ಸೆಗಳ ಪಾಲೂ ಅದರಲ್ಲಿತ್ತು. ಆದರೆ ದೊಡ್ಡ ಪಾಲು ಕೊಲೆಸ್ಟರಾಲ್, ರಕ್ತದೊತ್ತಡ, ಧೂಮಪಾನ ಇಳಿದುದರದ್ದು. ಈ ಕಥೆಯಲ್ಲಿ ನನ್ನ ಮನಸ್ಸನ್ನು ತಟ್ಟಿದ ಅಂಶವೆಂದರೆ, ಒಬ್ಬೊಬ್ಬರಾಗಿ ಬದಲಾಗುವುದು ಕಷ್ಟ, ಊರಿಗೆ ಊರೇ ಬದಲಾದರೆ ಸುಲಭ. ನಮ್ಮ ಧರ್ಮಕೇಂದ್ರಗಳಲ್ಲಿ ಸ್ತ್ರೀಯರ ಸಂಘವಿದೆ, ಯುವಕರ ಸಂಘವಿದೆ, ಕಿರು ಕ್ರೈಸ್ತ ಸಮುದಾಯಗಳಿವೆ. ಉತ್ತರ ಕರೇಲಿಯಾದಲ್ಲಿ ಆದದ್ದು ನಮ್ಮಲ್ಲಿ ಏಕೆ ಆಗಬಾರದು?

ನಮ್ಮ ತಟ್ಟೆಯನ್ನು ನೋಡಿಕೊಳ್ಳೋಣ

ಮೊದಲು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದೊಳಗೆ. ಸಾರು, ಪಲ್ಯ, ಅನ್ನ, ಚಟ್ನಿ ಎಲ್ಲ ಸೇರಿ ಅಷ್ಟು. ಇದರ ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಮಿಕ್ಸ್ಚರ್ ಸೇರಿದರೆ ಲೆಕ್ಕ ಎಲ್ಲಿಗೆ ಹೋಯಿತು? ಉಪ್ಪು ಹೆಚ್ಚಾದಾಗ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಒತ್ತಡ ಏರುತ್ತದೆ. ನಾನು ಮಾಡಿದ ಮೊದಲ ಕೆಲಸ ಊಟದ ಮೇಜಿನಿಂದ ಉಪ್ಪಿನ ಡಬ್ಬಿಯನ್ನು ತೆಗೆಸಿದ್ದು. ಮೊದಲ ವಾರ ಎಲ್ಲವೂ ಸಪ್ಪೆ ಎನಿಸಿತು. ಒಂದು ತಿಂಗಳಲ್ಲಿ ನಾಲಿಗೆ ಒಗ್ಗಿಕೊಂಡಿತು. ನಿಂಬೆಹುಳಿ, ಹುಣಿಸೆ, ಬೆಳ್ಳುಳ್ಳಿ, ಮೆಣಸು, ಕೊತ್ತಂಬರಿ ಸೊಪ್ಪು ಇವು ಉಪ್ಪಿನ ಕೊರತೆಯನ್ನು ಎಷ್ಟೋ ಮಟ್ಟಿಗೆ ತುಂಬುತ್ತವೆ.

ಎರಡನೆಯದು ಎಣ್ಣೆ, ಕೊಬ್ಬು. ನಾಲ್ವರ ಮನೆಗೆ ತಿಂಗಳಿಗೆ ಎರಡು ಲೀಟರ್ ಎಣ್ಣೆ ತಂದರೆ ಒಬ್ಬರಿಗೆ ದಿನಕ್ಕೆ ಮೂರು ಚಹಾ ಚಮಚದಷ್ಟು ಬರುತ್ತದೆ. ಅಷ್ಟು ಸಾಕು. ನಿಮ್ಮ ಮನೆಯ ರೇಷನ್ ಚೀಟಿಯನ್ನು ಒಮ್ಮೆ ನೋಡಿ ಲೆಕ್ಕ ಹಾಕಿ. ಬೆಣ್ಣೆ, ತುಪ್ಪ, ತೆಂಗಿನೆಣ್ಣೆ, ಮಾಂಸದ ಕೊಬ್ಬು ಇವುಗಳಲ್ಲಿರುವ ಗಟ್ಟಿಕೊಬ್ಬು ಎಲ್.ಡಿ.ಎಲ್. ಅನ್ನು ಏರಿಸುತ್ತದೆ. ತೆಂಗಿನಕಾಯಿಯನ್ನು ಬಿಟ್ಟೇಬಿಡಿ ಎಂದರೆ ನಮ್ಮ ಕರಾವಳಿಯ ತಾಯಂದಿರು ನನ್ನ ಮೇಲೆ ಸಿಟ್ಟಾಗುತ್ತಾರೆ. ಬಿಡಬೇಡಿ. ಒಂದು ಕಾಯಿ ಹಾಕುವಲ್ಲಿ ಅರ್ಧ ಹಾಕಿ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಎಳ್ಳೆಣ್ಣೆಗಳನ್ನು ಬದಲಿಸಿ ಬದಲಿಸಿ ಮಿತವಾಗಿ ಬಳಸಿ.

ಎಲ್ಲಕ್ಕಿಂತ ಕೆಟ್ಟದ್ದು ಟ್ರಾನ್ಸ್ ಕೊಬ್ಬು. ವನಸ್ಪತಿ, ಅದರಿಂದ ಮಾಡಿದ ಪಫ್, ಬಿಸ್ಕತ್ತುಗಳಲ್ಲಿ ಇದು ಹೆಚ್ಚಾಗಿ ಇರುತ್ತಿತ್ತು. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಇದು ಶೇಕಡಾ 2ನ್ನು ಮೀರಬಾರದೆಂಬ ನಿಯಮ ಬಂದಿದೆ. ಆದರೆ ಬೋಂಡ ಕರಿದ ಎಣ್ಣೆಯನ್ನು ಮರುದಿನ, ಮತ್ತೊಂದು ದಿನ ಕಾಯಿಸುವ ಅಭ್ಯಾಸವನ್ನು ಯಾವ ನಿಯಮವೂ ನಮ್ಮ ಮನೆಗೆ ಬಂದು ನಿಲ್ಲಿಸುವುದಿಲ್ಲ. ಅದನ್ನು ನಾವೇ ನಿಲ್ಲಿಸಬೇಕು.

ಮೂರನೆಯದು ತರಕಾರಿ, ಹಣ್ಣು, ಕಾಳು, ಸಿರಿಧಾನ್ಯ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕು. ಆಲೂಗೆಡ್ಡೆ, ಮರಗೆಣಸು ಈ ಲೆಕ್ಕದಲ್ಲಿ ಸೇರುವುದಿಲ್ಲ. ಇದಕ್ಕೆ ಸೇಬನ್ನೇ ತರಬೇಕಿಲ್ಲ. ಹಿತ್ತಲ ಪಪ್ಪಾಯಿ, ಸೀಬೆ, ನುಗ್ಗೆ ಸೊಪ್ಪು, ಬಸಳೆ, ಹರಿವೆ, ದಂಟು ಎಲ್ಲವೂ ಆಗುತ್ತದೆ. ಹುರುಳಿ, ಅವರೆ, ಅಲಸಂದೆ, ಹೆಸರುಕಾಳು, ರಾಗಿ ಇವುಗಳಲ್ಲಿ ನಾರು ಹೆಚ್ಚು. ನಾರು ಏನು ಮಾಡುತ್ತದೆ? ಜೀರ್ಣಕ್ಕಾಗಿ ಕರುಳಿಗೆ ಬರುವ ಪಿತ್ತರಸವನ್ನು, ಕಾಳುಗಳಲ್ಲಿ ಹೇರಳವಾಗಿರುವ ಕರಗುವ ನಾರು ಹಿಡಿದುಕೊಂಡು ಹೊರಹಾಕುತ್ತದೆ. ಹೊಸ ಪಿತ್ತರಸ ಮಾಡಲು ಯಕೃತ್ತಿಗೆ ಕೊಲೆಸ್ಟರಾಲ್ ಬೇಕು. ಅದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಅದು ಕಡಿಮೆಯಾಗುತ್ತದೆ. ನಮ್ಮ ಅಜ್ಜಿಯರ ಮುದ್ದೆ, ಬಸ್ಸಾರು, ಹುರುಳಿ ಸಾರು ಇವನ್ನು ಬಡವರ ಊಟವೆಂದು ನಾವು ತಳ್ಳಿದೆವು. ಈಗ ವೈದ್ಯರು ಅದನ್ನೇ ಚೀಟಿಯಲ್ಲಿ ಬರೆದುಕೊಡುತ್ತಿದ್ದಾರೆ.

ನಾಲ್ಕನೆಯದು ಮಾಂಸ, ಮೀನು. ಬಂಗುಡೆ, ಬೂತಾಯಿಯಂತಹ ಮೀನುಗಳಲ್ಲಿ ಹೃದಯಕ್ಕೆ ಹಿತವಾದ ಒಮೆಗಾ–3 ಕೊಬ್ಬು ಇದೆ. ಕರಿಯದೆ ಸಾರು ಮಾಡಿ ತಿನ್ನಿ. ಕೋಳಿಯ ಚರ್ಮವನ್ನು ತೆಗೆಯಿರಿ. ಹಂದಿ, ಕುರಿ, ದನದ ಮಾಂಸ ಹಬ್ಬಕ್ಕಿರಲಿ, ಪ್ರತಿ ಭಾನುವಾರಕ್ಕೆ ಬೇಡ. ಕೊನೆಯದಾಗಿ ಸಕ್ಕರೆ ಮತ್ತು ಬಿಳಿ ಅನ್ನ. ತಟ್ಟೆಯ ಅರ್ಧ ಭಾಗ ತರಕಾರಿ, ಕಾಲು ಭಾಗ ಕಾಳು ಅಥವಾ ಮೀನು, ಕಾಲು ಭಾಗ ಅನ್ನ ಅಥವಾ ಮುದ್ದೆ ಎಂಬ ಅಳತೆಯನ್ನು ಮನಸ್ಸಿನಲ್ಲಿಡಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟದಿರಲಿ. ದರ್ಜಿಯ ಟೇಪು ಸುಳ್ಳು ಹೇಳುವುದಿಲ್ಲ.

ಹೊಗೆ ಮತ್ತು ಬಾಟಲಿ

ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಇವುಗಳಲ್ಲಿ ಸುರಕ್ಷಿತವಾದದ್ದು ಯಾವುದೂ ಇಲ್ಲ. "ದಿನಕ್ಕೆ ಎರಡೇ ಫಾದರ್" ಎನ್ನುವವರಿಗೂ ಇದು ಅನ್ವಯ. ಮನೆಯೊಳಗೆ ಸೇದಿದರೆ ಹೆಂಡತಿ, ಮಕ್ಕಳ ಹೃದಯಕ್ಕೂ ಅಪಾಯ. ಆದರೆ ಶುಭವಾರ್ತೆಯೂ ಇದೆ. ಸೇದುವುದನ್ನು ಬಿಟ್ಟು ಒಂದು ವರ್ಷವಾದರೆ ಹೃದಯರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಹದಿನೈದು ವರ್ಷಗಳಲ್ಲಿ ಎಂದೂ ಸೇದದವರ ಮಟ್ಟಕ್ಕೆ ಬರುತ್ತದೆ. ಇಷ್ಟು ಉದಾರವಾಗಿ ಕ್ಷಮಿಸುವ ದೇಹವನ್ನು ಕೊಟ್ಟಾತನಿಗೆ ಕೃತಜ್ಞತೆ ಸಲ್ಲಿಸುವ ವಿಧಾನ ಒಂದೇ, ಬಿಡುವುದು.

ಮದ್ಯದ ವಿಷಯದಲ್ಲಿ ನಾವು ಕ್ರೈಸ್ತರು ಸ್ವಲ್ಪ ಮುಜುಗರಪಡಬೇಕು. ಕ್ರಿಸ್ತಜಯಂತಿ, ಮದುವೆ, ನಾಮಕರಣ ಎಲ್ಲಕ್ಕೂ ಬಾಟಲಿ ಇರಲೇಬೇಕೆಂಬ ಅಭ್ಯಾಸವನ್ನು ನಾವೇ ಬೆಳೆಸಿಕೊಂಡಿದ್ದೇವೆ. "ಸ್ವಲ್ಪ ವೈನು ಹೃದಯಕ್ಕೆ ಒಳ್ಳೆಯದಂತೆ" ಎಂಬ ಮಾತು ಬಹುಕಾಲ ನಡೆಯಿತು. ಆರೋಗ್ಯಕ್ಕೆ ಸುರಕ್ಷಿತವೆನ್ನುವ ಮದ್ಯದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕಾನಾ ಊರಿನ ಮದುವೆಯನ್ನು ನೆಪವಾಗಿ ನನ್ನ ಮುಂದೆ ತರಬೇಡಿ. ಅಲ್ಲಿ ಪ್ರಭು ಒಂದು ಬಡ ಕುಟುಂಬದ ಮಾನವನ್ನು ಉಳಿಸಿದರು. ನಾವು ಕುಡಿದು ಕುಟುಂಬದ ಮಾನವನ್ನು ಕಳೆಯುತ್ತೇವೆ.

ನಡೆಯುವ ಕಾಲು, ವಿಶ್ರಮಿಸುವ ಮನಸ್ಸು

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ ಬೇಕು. ಐದು ದಿನ ಅರ್ಧರ್ಧ ಗಂಟೆ. ಮಾತಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ದೇವಾಲಯ ಒಂದೆರಡು ಕಿಲೋಮೀಟರ್ ದೂರವಿದ್ದರೆ ಬಲಿಪೂಜೆಗೆ ಬೈಕ್ ಏಕೆ? ನಾನೀಗ ಬೆಳಿಗ್ಗೆ ಜಪಸರವನ್ನು ನಡೆಯುತ್ತಲೇ ಹೇಳುತ್ತೇನೆ. ಎದೆನೋವು ಇರುವವರು, ಈಗಾಗಲೇ ಕಾಯಿಲೆಯಿರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಇನ್ನು ಮನಸ್ಸು. ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ಆತ್ಮ, ದೇಹಗಳ ಐಕ್ಯದ ಬಗ್ಗೆ ಪುಟಗಟ್ಟಲೆ ಬರೆದಿದ್ದೆವು. 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್‌ರ ಬೋಧನೆಯಂತೆ ಆತ್ಮವು ದೋಣಿಯಲ್ಲಿ ಕುಳಿತ ಅಂಬಿಗನಂತೆ ದೇಹದಲ್ಲಿ ಕುಳಿತಿಲ್ಲ. ಎರಡೂ ಸೇರಿ ಒಬ್ಬನೇ ಮನುಷ್ಯ. ಆ ಮಹಾಪಂಡಿತರು ದುಃಖಕ್ಕೆ ಮದ್ದುಗಳನ್ನು ಹೇಳುವಾಗ ಕಣ್ಣೀರು, ಸ್ನೇಹಿತರ ಅನುಕಂಪ, ಸತ್ಯದ ಧ್ಯಾನ ಇವುಗಳ ಜೊತೆ ನಿದ್ರೆಯನ್ನೂ ಸ್ನಾನವನ್ನೂ ಸೇರಿಸಿದ್ದಾರೆ! ಪರೀಕ್ಷೆಗಾಗಿ ಓದಿದಾಗ ನಕ್ಕಿದ್ದೆವು. ನಲವತ್ತು ದಾಟಿದ ಮೇಲೆ ಅರ್ಥವಾಯಿತು.

ಸದಾ ಸಿಟ್ಟು, ಸಾಲದ ಚಿಂತೆ, ಅಣ್ಣತಮ್ಮಂದಿರ ಆಸ್ತಿ ಜಗಳ, ಒಂಟಿತನ ಇವೆಲ್ಲ ಹೃದಯದ ಮೇಲೆ ಭಾರ ಹೇರುತ್ತವೆ. ಒತ್ತಡದ ಹೊತ್ತಿನಲ್ಲಿ ಸ್ರವಿಸುವ ರಸಗಳು ರಕ್ತದೊತ್ತಡವನ್ನು ಏರಿಸುತ್ತವೆ, ಬಡಿತವನ್ನು ಹೆಚ್ಚಿಸುತ್ತವೆ. ಅದಕ್ಕಿಂತ ಮಿಗಿಲಾಗಿ, ಮನಸ್ಸು ಕೆಟ್ಟವನು ಹೆಚ್ಚು ಸೇದುತ್ತಾನೆ, ಕುಡಿಯುತ್ತಾನೆ, ಮಾತ್ರೆ ನುಂಗುವುದನ್ನು ಮರೆಯುತ್ತಾನೆ.

ಅಮೆರಿಕದ ಡಾ. ಡೀನ್ ಆರ್ನಿಷ್ 1990ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಹೃದಯರೋಗಿಗಳ ಒಂದು ಗುಂಪಿಗೆ ಅತಿ ಕಡಿಮೆ ಕೊಬ್ಬಿನ ಸಸ್ಯಾಹಾರ, ನಡಿಗೆ, ಧೂಮಪಾನ ತ್ಯಾಗ, ಯೋಗ ಮತ್ತು ಧ್ಯಾನ, ಜೊತೆಗೆ ಪರಸ್ಪರ ಮನಬಿಚ್ಚಿ ಮಾತಾಡುವ ಕೂಟಗಳನ್ನು ಒಂದು ವರ್ಷ ನಡೆಸಿದರು. ಆ ಗುಂಪಿನ ಶೇಕಡಾ 82ರಷ್ಟು ಜನರಲ್ಲಿ ನಾಳಗಳ ಕಿರಿದಾಗುವಿಕೆ ಸ್ವಲ್ಪವಾದರೂ ಹಿಂದೆ ಸರಿದಿತ್ತು. ಮಾಮೂಲಿ ಆರೈಕೆಯ ಗುಂಪಿನಲ್ಲಿ ಒಟ್ಟಾರೆ ಅದು ಮುಂದುವರಿದಿತ್ತು. ಇದು 48 ಜನರ ಚಿಕ್ಕ ಅಧ್ಯಯನ, ಬದಲಾವಣೆಯೂ ಚಿಕ್ಕದು. ಆದುದರಿಂದ ಇದನ್ನು ಹಿಡಿದು ಯಾರೂ ಮಾತ್ರೆಗಳನ್ನು ಎಸೆಯಬಾರದು. ಆದರೂ ಊಟ, ನಡಿಗೆ, ಮನಸ್ಸು, ಸ್ನೇಹ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಕೆಂಬ ಪಾಠ ಅದರಲ್ಲಿದೆ.

ಪ್ರಾರ್ಥಿಸಿದರೆ ನಾಳದ ತಡೆ ಕರಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಸಂಜೆ ಟಿ.ವಿ., ಮೊಬೈಲು ಆರಿಸಿ ಮನೆಮಂದಿಯೆಲ್ಲ ಇಪ್ಪತ್ತು ನಿಮಿಷ ಒಟ್ಟಿಗೆ ಕುಳಿತು ಪ್ರಾರ್ಥಿಸುವ ಮನೆಯಲ್ಲಿ ಉಸಿರು ನಿಧಾನವಾಗುತ್ತದೆ, ಮಾತು ಮೆತ್ತಗಾಗುತ್ತದೆ. ಮುನಿಸಿಕೊಂಡ ತಮ್ಮನ ಮನೆಗೆ ತಾನೇ ಹೋಗಿ ಬಂದವನು ಆ ರಾತ್ರಿ ಚೆನ್ನಾಗಿ ನಿದ್ರಿಸುತ್ತಾನೆ. ಏಳು ಗಂಟೆಯ ನಿದ್ರೆಯನ್ನು ಪಾಪವೆಂದು ಎಣಿಸಬೇಡಿ. ಭಾನುವಾರದ ವಿಶ್ರಾಂತಿಯನ್ನು ದೇವರು ವಿಧಿಸಿದ್ದು ಸುಮ್ಮನೆಯಲ್ಲ.

ಉಪವಾಸವನ್ನು ಸರಿಯಾಗಿ ತಿಳಿಯೋಣ

ತಪಸ್ಸುಕಾಲದ ನಲವತ್ತು ದಿನ ಮಾಂಸ ಬಿಡುತ್ತೇವೆ. ಪಾಸ್ಕ ಹಬ್ಬದ ದಿನ ಬಿಟ್ಟಿದ್ದೆಲ್ಲವನ್ನೂ ಒಂದೇ ದಿನ ಬಡ್ಡಿ ಸಮೇತ ವಸೂಲು ಮಾಡುತ್ತೇವೆ! ಕೊಬ್ಬಿನ ಭಾರೀ ಊಟದ ಮೇಲೆ ಮದ್ಯವೂ ಸೇರಿದರೆ, ಮೊದಲೇ ಕಿರಿದಾದ ನಾಳಗಳಿಗೆ ಅದು ಪರೀಕ್ಷೆಯ ಹೊತ್ತು. ಹೊಟ್ಟೆಬಾಕತನವೆಂದರೆ ಹೆಚ್ಚು ತಿನ್ನುವುದಷ್ಟೇ ಅಲ್ಲ, ಹೊತ್ತಿಲ್ಲದ ಹೊತ್ತಿನಲ್ಲಿ, ಆತುರದಿಂದ, ದುಬಾರಿಯಾಗಿ, ನಾಜೂಕಾಗಿ ತಿನ್ನಲು ಹಂಬಲಿಸುವುದೂ ಹೌದು ಎಂದು ಹಳೆಯ ಗುರುಗಳು ಕಲಿಸಿದ್ದಾರೆ. ಹಸಿವನ್ನು ಆಳಲು ಕಲಿಯುವುದೇ ಉಪವಾಸದ ಗುರಿ.

ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಡ್ಯಾಶ್ ಎಂಬ ಪ್ರಯೋಗದಲ್ಲಿ ಹಣ್ಣು, ತರಕಾರಿ, ಕೊಬ್ಬು ಕಡಿಮೆಯಾದ ಹಾಲಿನ ಪದಾರ್ಥಗಳನ್ನು ಹೆಚ್ಚಿಸಿದ ಊಟವನ್ನು ಎಂಟು ವಾರ ಕೊಟ್ಟರು. ರಕ್ತದೊತ್ತಡ ಹೆಚ್ಚಿದ್ದವರಲ್ಲಿ ಮೇಲಿನ ಅಂಕಿ ಸರಾಸರಿ 11 ಇಳಿಯಿತು. ಎಂಟು ವಾರವೆಂದರೆ ನಮ್ಮ ತಪಸ್ಸುಕಾಲಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಬರುವ ತಪಸ್ಸುಕಾಲದಲ್ಲಿ ಮಾಂಸದ ಜೊತೆಗೆ ಕರಿದದ್ದನ್ನೂ ಉಪ್ಪಿನಕಾಯಿಯನ್ನೂ ಬಿಡೋಣವೇ? ಪಾಸ್ಕ ಹಬ್ಬದ ನಂತರ ಅವುಗಳಲ್ಲಿ ಒಂದನ್ನಾದರೂ ಹಿಂದಕ್ಕೆ ಕರೆಯದಿರೋಣವೇ? ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ರೋಗಿಗಳಿಗೆ ಧರ್ಮಸಭೆಯೇ ವಿನಾಯಿತಿ ಕೊಟ್ಟಿದೆ.

ತಪಾಸಣೆ ಮತ್ತು ಆ ಅಮೂಲ್ಯ ಗಂಟೆ

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವುಗಳ ಸುದ್ದಿ ಬಂದಾಗ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಭಯ ಕೆಲವು ವಾರ ಇರುತ್ತದೆ, ಅಭ್ಯಾಸ ಮಾತ್ರ ಜೀವನವಿಡೀ ಬೇಕು. ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಿ, ಕೊಲೆಸ್ಟರಾಲನ್ನು ವೈದ್ಯರು ಹೇಳಿದಂತೆ ಪರೀಕ್ಷಿಸಿ. ರಕ್ತದೊತ್ತಡ ಮತ್ತೆ ಮತ್ತೆ 140/90 ಅಥವಾ ಹೆಚ್ಚು ಬಂದರೆ, ಬೆಳಗಿನ ಬರಿಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣಿ. ಕೊಟ್ಟ ಮಾತ್ರೆಯನ್ನು "ಈಗ ಸರಿಯಾಗಿದೆ" ಎಂದು ನೀವೇ ನಿಲ್ಲಿಸಬೇಡಿ. ವಾಟ್ಸಾಪಿನಲ್ಲಿ ಬರುವ ನಾಳ ಶುದ್ಧಿಯ ಕಷಾಯಗಳನ್ನು ನಂಬಿ ಔಷಧ ಬಿಟ್ಟವರ ಅಂತ್ಯಕ್ರಿಯೆಯನ್ನೂ ನಾನು ನಡೆಸಿದ್ದೇನೆ.

ಈಗ ಆ ಆರು ಗಂಟೆಗಳ ಮಾತು. ನಮ್ಮ ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನ ವೈದ್ಯರು ಇತರರೊಂದಿಗೆ ಸೇರಿ ದೇಶದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ವಿವರಗಳನ್ನು ಸಂಗ್ರಹಿಸಿ 2008ರಲ್ಲಿ ಪ್ರಕಟಿಸಿದರು. ತೀವ್ರ ಹೃದಯಾಘಾತವಾದವರು ಆಸ್ಪತ್ರೆ ಮುಟ್ಟಲು ತೆಗೆದುಕೊಂಡ ಸಮಯ, ಅವರೆಲ್ಲರ ನಡುವಿನ ಲೆಕ್ಕದಲ್ಲಿ, 360 ನಿಮಿಷ. ಅಂದರೆ ಸರಿಯಾಗಿ ಆರು ಗಂಟೆ! ಅದನ್ನು ಓದಿದಾಗ ಆ ರಾತ್ರಿಯ ಮನೆ ಕಣ್ಣಮುಂದೆ ಬಂತು. ಅದು ಒಂದೇ ಮನೆಯ ಕಥೆಯಲ್ಲ.

ಎದೆಯ ಮೇಲೆ ಭಾರವಿಟ್ಟಂತೆ ಒತ್ತಡ, ಎಡಗೈಗೆ, ದವಡೆಗೆ, ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರುಗಟ್ಟುವಿಕೆ ಇವು ಎಚ್ಚರಿಕೆಯ ಗಂಟೆಗಳು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವು ಸ್ಪಷ್ಟವಾಗಿರದೆ ವಿಪರೀತ ಸುಸ್ತು, ವಾಕರಿಕೆ, ಮೇಲುಹೊಟ್ಟೆಯ ಸಂಕಟವಷ್ಟೇ ಇರಬಹುದು. ಗ್ಯಾಸ್ ಎಂದು ನೀವೇ ತೀರ್ಮಾನಿಸಬೇಡಿ. ಇ.ಸಿ.ಜಿ. ತೀರ್ಮಾನಿಸಲಿ. ರೋಗಿಯನ್ನು ನಡೆಸಬೇಡಿ, ಅವರೇ ಗಾಡಿ ಓಡಿಸಲು ಬಿಡಬೇಡಿ. 108ಕ್ಕೆ ಕರೆ ಮಾಡಿ. 2023ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇ.ಸಿ.ಜಿ. ಮಾಡಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಡವಿಲ್ಲದೆ ಕೊಡುವುದು. ಆ ಮದ್ದು ಮೊದಲ ಗಂಟೆಗಳಲ್ಲಿ ಕೊಟ್ಟಷ್ಟೂ ಫಲ ಹೆಚ್ಚು. ಮೊದಲು ಆಸ್ಪತ್ರೆಗೆ ಹೊರಡಿ, ಹೊರಟ ಮೇಲೆ ಗುರುಗಳಿಗೆ ಫೋನು ಮಾಡಿ. ನಾನು ಆಸ್ಪತ್ರೆಗೇ ಬರುತ್ತೇನೆ.

ಕಳೆದ ವರ್ಷ ಆ ತಂದೆಯ ವರ್ಷದ ಬಲಿಪೂಜೆಯ ನಂತರ ಅವರ ಮನೆಗೆ ಹೋಗಿದ್ದೆ. ಆ ತಾಯಿ ಮುದ್ದೆ, ಸೊಪ್ಪಿನ ಸಾರು, ಮೀನು ಬಡಿಸಿದರು. "ಮಗನಿಗೆ ಬಿಪಿ ನೋಡ್ಸಿದೆ ಫಾದರ್, ಸ್ವಲ್ಪ ಜಾಸ್ತಿ ಇದೆಯಂತೆ. ಉಪ್ಪು ಕಡಿಮೆ ಮಾಡಿದ್ದೀನಿ. ದಿನಾ ಬೈತಾನೆ, ಆದ್ರೂ ತಿಂತಾನೆ" ಎಂದರು. ಮಗ ತಲೆತಗ್ಗಿಸಿ ನಕ್ಕ. ಅಂದು ನಾನು ಎರಡನೇ ಸಲ ಬಡಿಸಿಕೊಂಡದ್ದು ಸೊಪ್ಪಿನ ಸಾರನ್ನು. ಆ ಮನೆಯಲ್ಲಿ ನಾನು ಬಹಳ ತಡವಾಗಿ ಆಡಿದ ಮಾತನ್ನು ನಿಮ್ಮ ಮನೆಯಲ್ಲಿ ಇಂದೇ ಆಡಿ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ, ಎಷ್ಟು ಉಪ್ಪು ಬರುತ್ತದೆ? ಒಬ್ಬರಿಗೆ ದಿನಕ್ಕೆ ಎಷ್ಟಾಯಿತು?

2. ಮನೆಯಲ್ಲಿ ಮೂವತ್ತು ದಾಟಿದವರು ಕೊನೆಯ ಬಾರಿ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಂಡದ್ದು ಯಾವಾಗ?

3. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಹತ್ತಿರದ ಇ.ಸಿ.ಜಿ. ಸೌಲಭ್ಯವಿರುವ ಆಸ್ಪತ್ರೆ ಯಾವುದು? ಹೋಗುವುದು ಹೇಗೆ?

4. ಈ ವಾರದಿಂದ ನಾವೆಲ್ಲ ಒಟ್ಟಾಗಿ ಬಿಡಬಹುದಾದ ಒಂದು ಪದಾರ್ಥ ಯಾವುದು? ಒಟ್ಟಾಗಿ ಆರಂಭಿಸಬಹುದಾದ ಒಂದು ಒಳ್ಳೆಯ ಅಭ್ಯಾಸ ಯಾವುದು?